ಖಾಕಿ ಕಂಡರೆ ಹೆದರದ ಮಕ್ಕಳು

ಅಳುವ ಮಗುವನ್ನು ಸುಮ್ಮನಾಗಿಸಲು ಹಿಂದೆ ನಮ್ಮ ಮನೆಗಳಲ್ಲಿ ಗುಮ್ಮನನ್ನು ಕರೆಯುತ್ತಿದ್ದರು. ಕ್ರಮೇಣ ಆ ಜಾಗಕ್ಕೆ ಪೊಲೀಸರು ಬಂದರು. 'ಊಟ ಮಾಡದಿದ್ದರೆ ಪೊಲೀಸರಿಗೆ ಹಿಡಿದುಕೊಡ್ತೀನಿ ನೋಡು' ಎಂಬ ಮಾತನ್ನು ಕೇಳದೆ ಬೆಳೆದವರು ಕಡಿಮೆ. ಮಾತು ತಮಾಷೆಯದು, ಅದರ ಹಿಂದಿನ ಭಯ ತಮಾಷೆಯದಲ್ಲ. ಅದೇ ಖಾಕಿಯವರು ಬೇಸಿಗೆ ರಜೆಯಲ್ಲಿ ಬಡ ಮಕ್ಕಳನ್ನು ಒಂದೆಡೆ ಸೇರಿಸಿ ಆಟ, ಪಾಠ, ಕವಾಯತು ಕಲಿಸುತ್ತಾರೆಂದರೆ ಹಲವರು ಹುಬ್ಬೇರಿಸಬಹುದು. ಆದರೆ ಪೊಲೀಸರಿಗೂ ಬಡವರ ಮಕ್ಕಳಿಗೂ ಇರುವ ನಂಟು ಇಂದು ನಿನ್ನೆಯದಲ್ಲ. ಅದಕ್ಕೆ ಎರಡು ಮುಖಗಳಿವೆ.

ಮೊದಲನೆಯದು ಕಹಿಯಾದದ್ದು. 1871ರಲ್ಲಿ ಬ್ರಿಟಿಷ್ ಸರ್ಕಾರ 'ಅಪರಾಧಿ ಬುಡಕಟ್ಟು'ಗಳ ಕಾಯ್ದೆಯನ್ನು ತಂದಿತು. ಕೆಲವು ಜನಾಂಗಗಳಲ್ಲಿ ಹುಟ್ಟಿದವರೆಲ್ಲ ಹುಟ್ಟಿನಿಂದಲೇ ಅಪರಾಧಿಗಳೆಂದು ಕಾನೂನೇ ಹೇಳಿಬಿಟ್ಟಿತು. 1897ರ ತಿದ್ದುಪಡಿಯಂತೆ, ನಾಲ್ಕರಿಂದ ಹದಿನೆಂಟು ವರ್ಷದೊಳಗಿನ ಗಂಡುಮಕ್ಕಳನ್ನು ಹೆತ್ತವರಿಂದ ಬೇರ್ಪಡಿಸಿ 'ಸುಧಾರಣಾ' ವಸತಿಗಳಲ್ಲಿ ಇಡುವ ಅಧಿಕಾರ ಪ್ರಾಂತ್ಯ ಸರ್ಕಾರಗಳಿಗೆ ಸಿಕ್ಕಿತು. ಆಗ ಮುಂಬೈ ಪ್ರಾಂತ್ಯದಲ್ಲಿದ್ದ ಹುಬ್ಬಳ್ಳಿ, ಗದಗ, ವಿಜಾಪುರಗಳಲ್ಲಿ ಇಂಥ ಜನಾಂಗಗಳಿಗಾಗಿ ಸೆಟ್ಲ್‌ಮೆಂಟುಗಳು ತಲೆಯೆತ್ತಿದವು. ಹುಬ್ಬಳ್ಳಿಯ ಒಂದು ಬಡಾವಣೆಯನ್ನು ಜನ ಇಂದಿಗೂ 'ಸೆಟ್ಲ್‌ಮೆಂಟ್' ಎಂದೇ ಕರೆಯುತ್ತಾರೆ. ಅಲ್ಲಿ ಶಾಲೆ ಇತ್ತು, ಕಸುಬಿನ ತರಬೇತಿ ಇತ್ತು. ಜೊತೆಗೆ ಹಾಜರಿಯೂ ಕಾವಲೂ ಇದ್ದವು. ಮಗು ಏನು ಮಾಡಿತು ಎಂದು ಯಾರೂ ಕೇಳುತ್ತಿರಲಿಲ್ಲ. ಯಾರ ಮಗು ಎಂದಷ್ಟೇ ಕೇಳುತ್ತಿದ್ದರು. ಈ ಕಾಯ್ದೆ ರದ್ದಾದದ್ದು ಸ್ವಾತಂತ್ರ್ಯ ಬಂದು ಐದು ವರ್ಷಗಳಾದ ಮೇಲೆ, 1952ರಲ್ಲಿ.

ಇನ್ನೊಂದು ಮುಖ ಕಾಣಿಸಿಕೊಂಡದ್ದು ಹೊರದೇಶಗಳಲ್ಲಿ. 1914ರಲ್ಲಿ ನ್ಯೂಯಾರ್ಕ್ ನಗರದ ಪೊಲೀಸ್ ಕಮಿಷನರ್ ಆರ್ಥರ್ ವುಡ್ಸ್, ಆಟದ ಬಯಲಿಲ್ಲದ ಬಡ ಕೇರಿಗಳಲ್ಲಿ ಕೆಲವು ಬೀದಿಗಳನ್ನು ದಿನದ ಇಂತಿಷ್ಟು ಹೊತ್ತು ವಾಹನಗಳಿಗೆ ಮುಚ್ಚಿಸಿ ಮಕ್ಕಳ ಆಟಕ್ಕೆ ಬಿಟ್ಟುಕೊಟ್ಟರು. 1918ರಲ್ಲಿ ಇಂಗ್ಲೆಂಡಿನ ನಾರ್ವಿಚ್ ಪಟ್ಟಣದ ಪೊಲೀಸ್ ಮುಖ್ಯಸ್ಥ ಜಾನ್ ಡೇನ್ ಹುಡುಗರಿಗಾಗಿ ಒಂದು ಕ್ಲಬ್ಬನ್ನೇ ತೆರೆದರು. ಮೊದಲ ಮಹಾಯುದ್ಧದ ಕಾಲ. ಎಷ್ಟೋ ಮನೆಗಳಲ್ಲಿ ತಂದೆ ರಣರಂಗದಲ್ಲಿದ್ದ, ಮಕ್ಕಳು ಬೀದಿಯಲ್ಲಿದ್ದರು. ಹುಡುಗ ತಪ್ಪು ಮಾಡಿದ ಮೇಲೆ ಹಿಡಿಯುವುದಕ್ಕಿಂತ ಅದಕ್ಕೂ ಮೊದಲೇ ಅವನ ಪರಿಚಯ ಮಾಡಿಕೊಳ್ಳುವುದು ಮೇಲು ಎಂಬುದು ಈ ಪ್ರಯತ್ನಗಳ ಹಿಂದಿದ್ದ ಸರಳ ವಿವೇಕ.

ನಮ್ಮಲ್ಲಿ ಈ ವಿವೇಕ ಕಾನೂನಿನ ರೂಪ ತಳೆಯಲು ಬಹುಕಾಲ ಹಿಡಿಯಿತು. ಪತ್ರಕರ್ತೆ ಶೀಲಾ ಬರ್ಸೆ ಅವರ ಅರ್ಜಿಯ ಮೇಲೆ ಮಕ್ಕಳನ್ನು ಜೈಲಿನಲ್ಲಿಡಬಾರದೆಂದು 1986ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅದೇ ವರ್ಷ ಬಾಲನ್ಯಾಯ ಕಾಯ್ದೆ ಬಂತು. 2000 ಮತ್ತು 2015ರ ಹೊಸ ಕಾಯ್ದೆಗಳು ಅದನ್ನು ಇನ್ನಷ್ಟು ಬಿಗಿಗೊಳಿಸಿದವು. ಈಗ ಪ್ರತಿ ಠಾಣೆಯಲ್ಲೂ ಎಎಸ್‌ಐ ದರ್ಜೆಗೆ ಕಡಿಮೆಯಿಲ್ಲದ ಒಬ್ಬ ಮಕ್ಕಳ ಕಲ್ಯಾಣ ಅಧಿಕಾರಿ ಇರಬೇಕು. ಮಕ್ಕಳೊಡನೆ ವ್ಯವಹರಿಸುವಾಗ ಅವರು ಸಮವಸ್ತ್ರ ಧರಿಸಿರಬಾರದು. ಮಗುವಿಗೆ ಕೋಳ ತೊಡಿಸುವಂತಿಲ್ಲ, ಲಾಕಪ್ಪಿಗೆ ಹಾಕುವಂತಿಲ್ಲ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ 2012ರ ಪೋಕ್ಸೊ ಕಾಯ್ದೆ, ಮಗುವಿನ ಹೇಳಿಕೆಯನ್ನು ಅದರ ಮನೆಯಲ್ಲೋ ಅದಕ್ಕೆ ಒಪ್ಪಿಗೆಯಾದ ಜಾಗದಲ್ಲೋ ಪಡೆಯಬೇಕೆನ್ನುತ್ತದೆ.

ಠಾಣೆಯಾಚೆಗಿನ ಹೆಜ್ಜೆಯನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟದ್ದು ನೆರೆಯ ಕೇರಳ. 2010ರ ಆಗಸ್ಟ್‌ನಲ್ಲಿ 127 ಶಾಲೆಗಳಲ್ಲಿ 'ಸ್ಟೂಡೆಂಟ್ ಪೊಲೀಸ್ ಕೆಡೆಟ್' ಯೋಜನೆ ಶುರುವಾಯಿತು. ಅದರ ರೂವಾರಿ ಐಪಿಎಸ್ ಅಧಿಕಾರಿ ಪಿ. ವಿಜಯನ್. 2018ರ ಜುಲೈನಲ್ಲಿ ಕೇಂದ್ರ ಸರ್ಕಾರ ಇದನ್ನು ದೇಶಕ್ಕೆಲ್ಲ ವಿಸ್ತರಿಸಿತು. ಎಂಟು ಮತ್ತು ಒಂಬತ್ತನೇ ತರಗತಿಯವರಿಗೆ ತಿಂಗಳಿಗೊಂದು ತರಗತಿ. ನಿಗದಿತ ಪಠ್ಯಪುಸ್ತಕವಿಲ್ಲ, ಪರೀಕ್ಷೆಯಿಲ್ಲ. ನಮ್ಮ ರಾಜ್ಯದ 'ತೆರೆದ ಮನೆ' ಕಾರ್ಯಕ್ರಮದಲ್ಲಿ ಶಾಲಾ ಮಕ್ಕಳು ಠಾಣೆಗೇ ಬಂದು ಅಲ್ಲಿನ ಕೆಲಸ ನೋಡಿ ಹೋಗುತ್ತಾರೆ.

ಹಾಗಾದರೆ ಬೇಸಿಗೆಯೇ ಏಕೆ?

ಹಾಸನ ಜಿಲ್ಲೆಯನ್ನೇ ನೋಡಿ. ಏಪ್ರಿಲ್ ಎರಡನೇ ವಾರದಿಂದ ಮೇ ಕೊನೆಯವರೆಗೆ ಶಾಲೆಗಳಿಗೆ ಬೀಗ. ಅನುಕೂಲವಂತರ ಮಕ್ಕಳಿಗೆ ಈಜು, ಸಂಗೀತ, ಅಜ್ಜಿಯ ಊರು. ಉಳಿದವರಿಗೆ ಇದೇ ದುಡಿಮೆಯ ಕಾಲ. ಮೊದಲ ಮಳೆ ಬಿದ್ದರೆ ಹಾಸನದ ಸುತ್ತ ಆಲೂಗಡ್ಡೆ ಬಿತ್ತನೆ. ಅರಕಲಗೂಡು ಸೀಮೆಯಲ್ಲಿ ಹೊಗೆಸೊಪ್ಪಿನ ಸಸಿ ನಾಟಿ. ಹೊಳೆನರಸೀಪುರ, ಚನ್ನರಾಯಪಟ್ಟಣಗಳಲ್ಲೂ ಕೂಲಿ ಮಾಡುವ ಮನೆಗಳಿಗೆ ಇನ್ನೆರಡು ಕೈ ಸಿಕ್ಕರೆ ಬೇಡವೆನ್ನುವಂತಿಲ್ಲ. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿ ಹದಿನಾಲ್ಕರೊಳಗಿನ ಮಕ್ಕಳ ದುಡಿಮೆಯನ್ನು ನಿಷೇಧಿಸಿತಾದರೂ, ಅಪಾಯವಿಲ್ಲದ ಮನೆತನದ ಕೆಲಸಕ್ಕೆ ಶಾಲೆಯ ನಂತರ ಮತ್ತು ರಜೆಯಲ್ಲಿ ನೆರವಾಗಬಹುದೆಂದಿತು. ಬರದ ವರ್ಷಗಳನ್ನು ಬಿಟ್ಟರೆ ರಜೆಯಲ್ಲಿ ಬಿಸಿಯೂಟವೂ ನಿಲ್ಲುತ್ತದೆ. ಜೂನ್‌ನಲ್ಲಿ ಗಂಟೆ ಬಾರಿಸಿದಾಗ ಹಿಂದಿನ ಬೆಂಚಿನ ಒಂದೆರಡು ಜಾಗ ಖಾಲಿ ಉಳಿಯುವುದು ಹೀಗೆ. 2000ದ ಆಸುಪಾಸಿನಲ್ಲಿ ರಾಜ್ಯದ ಶಿಕ್ಷಣ ಇಲಾಖೆ, ಶಾಲೆ ಬಿಟ್ಟ ಮಕ್ಕಳಿಗಾಗಿ 'ಚಿನ್ನರ ಅಂಗಳ'ವನ್ನು ಬೇಸಿಗೆಯಲ್ಲೇ ನಡೆಸಿದ್ದು ಈ ಲೆಕ್ಕ ತಿಳಿದೇ.

ಪೊಲೀಸರ ಶಿಬಿರ ತುಂಬಬೇಕಾದದ್ದು ಈ ಏಳು ವಾರಗಳ ಕಂದಕವನ್ನು. ಅಲ್ಲಿ ಮಗುವಿಗೆ ಒಂದು ಹೊತ್ತಿನ ಊಟ, ಒಂದಷ್ಟು ಆಟ ಸಿಕ್ಕುವುದು ಸಣ್ಣ ಮಾತಲ್ಲ. ಅದಕ್ಕಿಂತ ದೊಡ್ಡದು ಪರಿಚಯ. ಮನೆಯಲ್ಲಿ ಕುಡಿದು ಹೊಡೆಯುವ ಅಪ್ಪ, ಹದಿನೈದಕ್ಕೇ ಗೊತ್ತಾದ ಅಕ್ಕನ ಮದುವೆ, ದಾರಿಯಲ್ಲಿ ಪೀಡಿಸುವ ನೆಂಟ — ಇವನ್ನೆಲ್ಲ ಹೇಳಿಕೊಳ್ಳಲು ಕಾನೂನು ಬಾಗಿಲು ತೆರೆದಿಟ್ಟಿದೆ. ಆದರೆ ಹೆದರಿದ ಮಗು ಆ ಬಾಗಿಲವರೆಗೆ ಹೋಗುವುದಿಲ್ಲ. ಜೊತೆಯಲ್ಲಿ ಕಬಡ್ಡಿ ಆಡಿದ ಎಎಸ್‌ಐ ಒಳಗಿದ್ದಾರೆಂದು ಗೊತ್ತಿದ್ದರೆ ಹೋದೀತು.

ಇಲ್ಲೊಂದು ಎಚ್ಚರ ಬೇಕು. 'ಈ ಕೇರಿಯ ಹುಡುಗರು ನಾಳೆ ಕಳ್ಳರಾಗದಿರಲಿ' ಎಂಬ ಭಾವನೆಯಿಂದ ಹೂಡಿದ ಶಿಬಿರ, ಎಷ್ಟೇ ಒಳ್ಳೆಯ ಊಟ ಹಾಕಿದರೂ, ಹಳೆಯ ಸೆಟ್ಲ್‌ಮೆಂಟಿನ ದೂರದ ನೆಂಟನೇ. ಬಡತನ ಅಪರಾಧದ ಮುನ್ಸೂಚನೆಯಲ್ಲ. ಆದ್ದರಿಂದ ಶಿಬಿರಕ್ಕೆ ಬಂದವರ ಪಟ್ಟಿ ಠಾಣೆಯ ದಫ್ತರ ಸೇರಬಾರದು. ಕವಾಯತಿಗಿಂತ ಮಾತುಕತೆಗೆ ಹೆಚ್ಚು ಹೊತ್ತು ಸಿಗಬೇಕು. ಅಧಿಕಾರಿಗಳಿಗೆ ವರ್ಗಾವಣೆ ತಪ್ಪದು. ಹೊಸಬರು ಬಂದಾಗಲೂ ಈ ನಂಟು ಮುರಿಯದಂತೆ ಶಾಲೆಯ ಮೇಷ್ಟರನ್ನೂ ಅಂಗನವಾಡಿ ಕಾರ್ಯಕರ್ತೆಯನ್ನೂ ಮೊದಲಿನಿಂದಲೇ ಜೊತೆಗಿಟ್ಟುಕೊಳ್ಳಬೇಕು.

ಶಿಬಿರದ ಕೊನೆಯ ದಿನ ಸಮಾರಂಭವಿರುತ್ತದೆ. ಹಾರ, ಭಾಷಣ, ಫೋಟೋ, ಪ್ರಮಾಣಪತ್ರ ಎಲ್ಲವೂ ಇರುತ್ತವೆ. ಶಿಬಿರ ಗೆದ್ದಿತೋ ಸೋತಿತೋ ಅಂದು ಗೊತ್ತಾಗುವುದಿಲ್ಲ. ಅದು ಗೊತ್ತಾಗುವುದು ಜೂನ್‌ನಲ್ಲಿ, ಶಾಲೆಯ ಹಾಜರಿ ಪುಸ್ತಕ ತೆರೆದಾಗ.