ಮಹಾವಿಷ್ಣು ಆರ್ಕೆಸ್ಟ್ರಾ: ಗಾಯನವಿಲ್ಲದ ರಾಕ್ ಸಂಗೀತದಲ್ಲಿ ಲಯವಿಚಾರ

1960ರ ದಶಕದ ಕೊನೆಯಲ್ಲಿ ಬ್ರಿಟನ್ನಿನಲ್ಲಿ ರೂಪುಗೊಂಡ ಪ್ರೋಗ್ರೆಸಿವ್ ರಾಕ್ ಎಂಬ ಪ್ರಕಾರವು ಮೂರು ನಾಲ್ಕು ನಿಮಿಷಗಳ ಹಾಡಿನ ಚೌಕಟ್ಟನ್ನು ಮೀರಿ, ಹಲವು ಭಾಗಗಳುಳ್ಳ ದೀರ್ಘ ರಚನೆಗಳನ್ನೂ ನಡುನಡುವೆ ಬದಲಾಗುವ ತಾಳಗಳನ್ನೂ ರಾಕ್ ಸಂಗೀತಕ್ಕೆ ತಂದಿತು. ಆದರೆ ಕಿಂಗ್ ಕ್ರಿಮ್ಸನ್, ಯೆಸ್, ಜೆನೆಸಿಸ್ ಮುಂತಾದ ತಂಡಗಳಲ್ಲಿ ಗಾಯಕನೂ ಸಾಹಿತ್ಯವೂ ಕೇಂದ್ರದಲ್ಲಿಯೇ ಉಳಿದಿದ್ದವು. ಇದೇ ವೇಳೆಗೆ ಅಮೆರಿಕದ ಜಾಝ್ ಕಲಾವಿದರು ವಿದ್ಯುತ್ ವಾದ್ಯಗಳತ್ತ ಹೊರಳಿದ್ದರು. ಈ ಎರಡು ಧಾರೆಗಳು ಕೂಡುವಲ್ಲಿ 1971ರಲ್ಲಿ ನ್ಯೂಯಾರ್ಕಿನಲ್ಲಿ ಹುಟ್ಟಿದ ಮಹಾವಿಷ್ಣು ಆರ್ಕೆಸ್ಟ್ರಾ, ಗಾಯನದ ನೆರವಿಲ್ಲದೆ ದೀರ್ಘ ರಚನೆಯೊಂದು ಕೇಳುಗನನ್ನು ಹಿಡಿದಿಡಬಲ್ಲದೆ ಎಂಬ ಪ್ರಶ್ನೆಗೆ ಲಯದ ಮೂಲಕ ಉತ್ತರ ಹುಡುಕಿತು. ತಂಡದ ನಾದ ಹಲವು ಬಾರಿ ಬದಲಾದರೂ ಈ ಹುಡುಕಾಟ ಮಾತ್ರ ಕೊನೆಯವರೆಗೂ ಮುಂದುವರಿಯಿತು.

ತಂಡದ ಸ್ಥಾಪಕ, ಇಂಗ್ಲೆಂಡಿನ ಗಿಟಾರ್ ವಾದಕ ಜಾನ್ ಮೆಕ್‌ಲಾಫ್ಲಿನ್, ಅದಕ್ಕೂ ಮೊದಲು ಮೈಲ್ಸ್ ಡೇವಿಸ್ ಅವರ 'ಇನ್ ಎ ಸೈಲೆಂಟ್ ವೇ', 'ಬಿಚಸ್ ಬ್ರೂ' ಧ್ವನಿಮುದ್ರಣಗಳಲ್ಲಿ ನುಡಿಸಿದ್ದರು. ಅವರು ಶ್ರೀ ಚಿನ್ಮಯ್ ಅವರ ಶಿಷ್ಯರಾಗಿದ್ದು, ತಂಡದ ಹೆಸರು ಗುರುಗಳಿಂದ ಬಂದ ದೀಕ್ಷಾನಾಮವೇ ಆಗಿತ್ತು. ಪನಾಮಾ ಮೂಲದ ಡ್ರಮ್ಸ್ ವಾದಕ ಬಿಲ್ಲಿ ಕಾಬಮ್, ಚೆಕ್ ಮೂಲದ ಕೀಬೋರ್ಡ್ ವಾದಕ ಯಾನ್ ಹ್ಯಾಮರ್, ಅಮೆರಿಕದ ಪಿಟೀಲು ವಾದಕ ಜೆರಿ ಗುಡ್‌ಮನ್, ಐರ್ಲೆಂಡಿನ ಬೇಸ್ ಗಿಟಾರ್ ವಾದಕ ರಿಕ್ ಲೇರ್ಡ್ ಸೇರಿದ ಈ ಐವರ ತಂಡವು 1971ರಲ್ಲಿಯೇ 'ದಿ ಇನ್ನರ್ ಮೌಂಟಿಂಗ್ ಫ್ಲೇಮ್' ಎಂಬ ಮೊದಲ ಆಲ್ಬಮನ್ನು ಹೊರತಂದಿತು.

ಈ ಆಲ್ಬಮಿನ 'ದಿ ಡಾನ್ಸ್ ಆಫ್ ಮಾಯಾ' ಎಂಬ ರಚನೆಯು ತಂಡದ ಲಯವಿಚಾರವನ್ನು ಸ್ಪಷ್ಟವಾಗಿ ತೋರಿಸುತ್ತದೆ. ಗಿಟಾರಿನ ಒಂದೊಂದೇ ತಂತಿಯನ್ನು ಮೀಟುತ್ತ ನಿಧಾನವಾಗಿ ಆರಂಭವಾಗುವ ಮೊದಲ ಭಾಗವು 10 ಎಣಿಕೆಗಳ ಆವರ್ತದಲ್ಲಿದ್ದು, ನಡುವೆ ಬರುವ ಬ್ಲೂಸ್ ಶೈಲಿಯ ಭಾಗವು 20 ಎಣಿಕೆಗಳ ಆವರ್ತದಲ್ಲಿ ಓಲಾಡುತ್ತ ಸಾಗುತ್ತದೆ. ಸಂಬಂಧವೇ ಇಲ್ಲವೆಂದು ತೋರುವ ಈ ಎರಡು ಭಾಗಗಳು ಕೊನೆಯಲ್ಲಿ ಒಂದರ ಮೇಲೊಂದು ಕೂತಾಗ, ಮೊದಲನೆಯದರ ಎರಡು ಆವರ್ತಗಳು ಎರಡನೆಯದರ ಒಂದು ಆವರ್ತಕ್ಕೆ ಸರಿಹೊಂದುತ್ತವೆ ಎಂಬುದು ಕೇಳುಗನಿಗೆ ತಿಳಿಯುತ್ತದೆ. ಕರ್ನಾಟಕ ಸಂಗೀತದ ಮುಕ್ತಾಯಗಳು ಸಮಕ್ಕೆ ಬಂದು ಸೇರುವುದನ್ನು ಕೇಳಿ ಬಲ್ಲವರಿಗೆ ಈ ಲೆಕ್ಕಾಚಾರದ ಸೊಗಸು ಅಪರಿಚಿತವಾಗಲಾರದು.

1973ರ 'ಬರ್ಡ್ಸ್ ಆಫ್ ಫೈರ್' ಆಲ್ಬಮಿನಲ್ಲಿ ಈ ಮಾರ್ಗ ಇನ್ನಷ್ಟು ಖಚಿತವಾಯಿತು. ಶೀರ್ಷಿಕೆಯ ರಚನೆ 18 ಎಣಿಕೆಗಳ ಆವರ್ತದಲ್ಲಿದ್ದರೆ, 'ಸೆಲೆಸ್ಟಿಯಲ್ ಟೆರೆಸ್ಟ್ರಿಯಲ್ ಕಮ್ಯೂಟರ್ಸ್' 19 ಎಣಿಕೆಗಳದ್ದು. ಮೊದಲ ಆಲ್ಬಮಿನಲ್ಲಿ ವಿದ್ಯುತ್ ಪಿಯಾನೋ ನುಡಿಸಿದ್ದ ಹ್ಯಾಮರ್, ಇಲ್ಲಿ ಮಿನಿಮೂಗ್ ಎಂಬ ಸಿಂಥಸೈಜರನ್ನು, ಅಂದರೆ ವಿದ್ಯುತ್ ಸಂಕೇತಗಳಿಂದಲೇ ನಾದವನ್ನು ಹುಟ್ಟಿಸುವ ವಾದ್ಯವನ್ನು ಬಳಸಿದರು. ಅದರ ಬದಿಯಲ್ಲಿರುವ ಪುಟ್ಟ ಚಕ್ರವನ್ನು ಎಡಗೈಯಿಂದ ತಿರುಗಿಸಿ ಸ್ವರವನ್ನು ಮೇಲಕ್ಕೂ ಕೆಳಕ್ಕೂ ಜಾರಿಸುವ ಅವರ ತಂತ್ರದಿಂದ ಕೀಬೋರ್ಡಿಗೂ ತಂತಿವಾದ್ಯದ ಎಳೆತ ದೊರೆಯಿತು. ಪಿಟೀಲು, ಗಿಟಾರ್, ಸಿಂಥಸೈಜರ್ ಮೂರೂ ಸರದಿಯಂತೆ ನುಡಿದು, ತಮ್ಮ ಸರದಿಯನ್ನು ಕ್ರಮೇಣ ಕಿರಿದಾಗಿಸುತ್ತ ಬರುವ ಸವಾಲು ಜವಾಬಿನಲ್ಲಿ ಯಾವ ನುಡಿ ಯಾರದೆಂದು ಗುರುತಿಸುವುದೇ ಕಷ್ಟವಾಗುವಷ್ಟು ಅವರ ನಾದ ಬೆರೆಯಿತು. ಮಾತಿಲ್ಲದ ಸಂಗೀತಕ್ಕೆ ಸಂಭಾಷಣೆಯ ಗುಣ ಬಂದದ್ದು ಹೀಗೆ.

ಆದರೆ ವೇದಿಕೆಯ ಮೇಲಿನ ಈ ಸಮಪಾಲು ರಚನೆಯ ಹಕ್ಕಿನಲ್ಲಿ ಇರಲಿಲ್ಲ. ಮೊದಲೆರಡು ಆಲ್ಬಮುಗಳ ರಚನೆಗಳು ಮೆಕ್‌ಲಾಫ್ಲಿನ್ ಹೆಸರಿನಲ್ಲಿಯೇ ಬಂದಿದ್ದವು. 1973ರ ಜೂನ್‌ನಲ್ಲಿ ಲಂಡನ್ನಿನ ಟ್ರೈಡೆಂಟ್ ಸ್ಟುಡಿಯೋದಲ್ಲಿ ಇತರ ಸದಸ್ಯರ ರಚನೆಗಳನ್ನೂ ಸೇರಿಸಿ ಮಾಡಿದ ಧ್ವನಿಮುದ್ರಣವು ಭಿನ್ನಾಭಿಪ್ರಾಯಗಳ ನಡುವೆ ಹೊರಬರದೆ ಉಳಿದು, 1999ರಲ್ಲಷ್ಟೇ ಪ್ರಕಟವಾಯಿತು. 1973ರ ಕೊನೆಗೆ ಮೊದಲ ತಂಡ ಒಡೆಯಿತು.

ಮರುವರ್ಷ ಕಟ್ಟಿದ ಎರಡನೆಯ ತಂಡದಲ್ಲಿ ಫ್ರಾನ್ಸಿನ ಪಿಟೀಲು ವಾದಕ ಜಾನ್ ಲುಕ್ ಪಾಂಟಿ, ಡ್ರಮ್ಸ್ ವಾದಕ ನಾರದ ಮೈಕಲ್ ವಾಲ್ಡನ್ ಮೊದಲಾದವರಿದ್ದರು. ಬೀಟಲ್ಸ್ ತಂಡದ ನಿರ್ಮಾಪಕರಾಗಿದ್ದ ಜಾರ್ಜ್ ಮಾರ್ಟಿನ್ ಅವರ ನಿರ್ಮಾಣದಲ್ಲಿ, ಮೈಕಲ್ ಟಿಲ್ಸನ್ ಥಾಮಸ್ ನಿರ್ದೇಶಿಸಿದ ಲಂಡನ್ ಸಿಂಫನಿ ಆರ್ಕೆಸ್ಟ್ರಾದೊಂದಿಗೆ ಮುದ್ರಿಸಿದ 'ಅಪಾಕಲಿಪ್ಸ್' ತಂಡದ ನಾದವನ್ನು ಅಗಾಧವಾಗಿ ವಿಸ್ತರಿಸಿತು. ಕೀಬೋರ್ಡ್ ವಾದಕಿ ಗೇಲ್ ಮೊರಾನ್ ಅವರ ಗಾಯನವೂ ಇದರಲ್ಲಿ ಸೇರಿತು. ನಾದ ಹಿಗ್ಗಿದಷ್ಟೂ ವಾದಕರ ನಡುವಿನ ಕ್ಷಣಕ್ಷಣದ ಮಾರುತ್ತರಕ್ಕೆ ಅವಕಾಶ ಕಡಿಮೆಯಾಯಿತು. ಈ ಹಂತದ ಸಾಧನೆಯೂ ಮಿತಿಯೂ ಇದೇ. 1975ರ 'ವಿಷನ್ಸ್ ಆಫ್ ದಿ ಎಮರಾಲ್ಡ್ ಬಿಯಾಂಡ್', 1976ರ 'ಇನ್ನರ್ ವರ್ಲ್ಡ್ಸ್' ಆಲ್ಬಮುಗಳ ಬಳಿಕ ಈ ಹಂತವೂ ಮುಗಿಯಿತು.

ಈ ನಡುವೆ ಅಮೆರಿಕದ ವೆಸ್ಲಿಯನ್ ವಿಶ್ವವಿದ್ಯಾಲಯದಲ್ಲಿದ್ದ ವಿದ್ವಾನ್ ಎಸ್. ರಾಮನಾಥನ್ ಅವರಲ್ಲಿ ವೀಣೆ ಕಲಿತಿದ್ದ ಮೆಕ್‌ಲಾಫ್ಲಿನ್, ಪಿಟೀಲಿನ ಎಲ್. ಶಂಕರ್, ತಬಲಾದ ಜಾಕಿರ್ ಹುಸೇನ್, ಘಟದ ವಿಕ್ಕು ವಿನಾಯಕರಾಮ್ ಅವರೊಂದಿಗೆ 'ಶಕ್ತಿ' ತಂಡವನ್ನು ಕಟ್ಟಿದರು. ಅಬ್ಬರದ ವಿದ್ಯುತ್ ವಾದ್ಯಗಳನ್ನು ಬಿಟ್ಟು ಮರದ ಗಿಟಾರಿಗೆ ಬಂದ ಈ ನಡೆಯನ್ನು ಹಿಂದಿನ ಹಾದಿಯ ತಿರಸ್ಕಾರವೆಂದು ಭಾವಿಸುವುದು ಸರಿಯಲ್ಲ. ಆವರ್ತದ ಲೆಕ್ಕಾಚಾರ, ಎಲ್ಲರೂ ಒಂದೇ ಸ್ವರಸಾಲನ್ನು ಕೂಡಿ ನುಡಿಸುವ ವೇಗದ ಸಂಚಾರ, ವಾದ್ಯಗಳ ಸವಾಲು ಜವಾಬು ಇವೆಲ್ಲವೂ ಇಲ್ಲಿಯೂ ಮುಂದುವರಿದು, ಅವುಗಳಿಗೆ ಈಗ ಶತಮಾನಗಳ ಶಾಸ್ತ್ರದ ಆಧಾರ ದೊರೆಯಿತು. 1984ರಲ್ಲಿ ಹಳೆಯ ಹೆಸರಿನಲ್ಲಿ ಮತ್ತೆ ಕಟ್ಟಿದ ತಂಡವು ಡಿಜಿಟಲ್ ಗಿಟಾರ್ ಸಿಂಥಸೈಜರನ್ನು ಮುಂದಿಟ್ಟರೂ ಮೊದಲ ತಂಡದ ಬಿಗಿಯನ್ನು ಮುಟ್ಟಲಿಲ್ಲ.

ಗಾಯನವಿಲ್ಲದ ರಾಕ್ ಸಂಗೀತವನ್ನು ಮುಂದೆ ಬೆಳೆಸಿದವರಲ್ಲಿ ಹಲವರು ಮಹಾವಿಷ್ಣು ಆರ್ಕೆಸ್ಟ್ರಾದಿಂದ ವೇಗವನ್ನು ಮಾತ್ರ ಪಡೆದರು. ವೇಗವು ಅಭ್ಯಾಸದಿಂದ ಬರುವಂಥದು. ಒಬ್ಬನ ನುಡಿಯನ್ನು ಇನ್ನೊಬ್ಬ ಆಲಿಸಿ, ಇಬ್ಬರೂ ಬೇರೆ ಬೇರೆ ದಾರಿಯಲ್ಲಿ ಎಣಿಸಿ ಒಂದೇ ಕಡೆ ಸೇರುವ ಶಿಸ್ತು ಅದಕ್ಕಿಂತ ಕಠಿಣವಾದುದು. ತಂಡದ ಇತಿಹಾಸದಲ್ಲಿ ಆ ಶಿಸ್ತು ಬಲವಾಗಿದ್ದಾಗ ನಾದ ಎಷ್ಟೇ ಬದಲಾದರೂ ಸಂಗೀತ ಗಟ್ಟಿಯಾಗಿ ನಿಂತಿತು, ಅದು ಸಡಿಲಗೊಂಡಾಗ ನೂರು ವಾದ್ಯಗಳ ಬೆಂಬಲವೂ ಆ ಕೊರತೆಯನ್ನು ತುಂಬಲಿಲ್ಲ.