ಜಾರಿದ ಏಣಿ ಮತ್ತು ಆರ್ಯಭಟನ 890

ಇವತ್ತು ಏಣಿಯ ಲೆಕ್ಕ. ಹತ್ತನೇ ಕ್ಲಾಸಲ್ಲಿ ನಾವೆಲ್ಲ ಮಾಡಿದ್ದೇ: ಗೋಡೆಗೆ ಒರಗಿಸಿದ ಏಣಿ, ಕೋನ ಇಷ್ಟು, ಬುಡ ಗೋಡೆಯಿಂದ ಎಷ್ಟು ದೂರ? ಮಾರ್ಕ್ಸ್ ತಗೊಂಡು ಮರೆತಿದ್ದೆ. ಎಂಟೆಕ್ ಮುಗಿಸಿದ ಮೇಲಂತೂ ನೆನಪೇ ಆಗಿರಲಿಲ್ಲ.

ಹೋದ ದೀಪಾವಳಿಗೆ ಪುಣೆಯಿಂದ ಧಾರವಾಡಕ್ಕೆ ಹೋಗಿದ್ದೆ. ಆಕಾಶಬುಟ್ಟಿ ಕಟ್ಟೋಕೆ ಅಪ್ಪ ಹತ್ತಡಿ ಏಣಿ ಹತ್ತಿದ್ರು. "ಬರೋಬರಿ ಐತೇನಪಾ?" ಅಂದ್ರು. ನೋಡದೇ "ಹೂಂ" ಅಂದೆ. ಆಫೀಸಿಂದ ಫೋನ್ ಬಂತು, ಏಣಿ ಹಿಡಿದಿದ್ದ ಕೈ ಬಿಟ್ಟೆ. ಟೈಲ್ಸ್ ಮೇಲೆ ಬುಡ ಜಾರಿತು. ಅಪ್ಪನ ಮಣಿಕಟ್ಟು ಮುರೀತು.

ಈ ಜಾರುವ ಲೆಕ್ಕ ಮೂರೂವರೆ ಸಾವಿರ ವರ್ಷಕ್ಕೂ ಹಳೆಯದು. ಬ್ರಿಟಿಷ್ ಮ್ಯೂಸಿಯಂನಲ್ಲಿ ಬಿಎಂ 85196 ಅನ್ನೋ ಬ್ಯಾಬಿಲೋನಿನ ಮಣ್ಣಿನ ಫಲಕ ಇದೆ. ಅದರಲ್ಲಿ ಗೋಡೆಗೆ ತಾಗಿ ನೆಟ್ಟಗೆ ನಿಂತ, 30 ಅಳತೆಯ ಒಂದು ಮರದ ಗಳ. ತುದಿ 6 ಕೆಳಗೆ ಇಳಿಯಿತು. ಬುಡ ಎಷ್ಟು ಸರಿಯಿತು? ಉಳಿದ ಎತ್ತರ 24. 900ರಲ್ಲಿ 576 ಕಳೆದರೆ 324, ಅದರ ವರ್ಗಮೂಲ 18. ಮೇಲೆ ಆರು ಇಳಿದರೆ ಕೆಳಗೆ ಹದಿನೆಂಟು! ಅಪ್ಪ ಯಾಕೆ ಸಾವರಿಸಿಕೊಳ್ಳಲಿಲ್ಲ ಅಂತ ನನಗೆ ಅರ್ಥ ಆಗಿದ್ದು ಇಲ್ಲಿ.

ಗಮನಿಸಿ, ಈ ಲೆಕ್ಕದಲ್ಲಿ ಕೋನವೇ ಇಲ್ಲ, ಬರೀ ಬಾಹುಗಳು. ಕೋನದ ಕೋಷ್ಟಕ ಬೇಕಾಗಿದ್ದು ಏಣಿ ಹತ್ತೋರಿಗಲ್ಲ, ಗ್ರಹಗಳ ಸ್ಥಾನ ಹೇಳೋರಿಗೆ. ಕ್ರಿ.ಶ. 499ರ ಕಾಲದ ಆರ್ಯಭಟ 90 ಡಿಗ್ರಿಯನ್ನು 24 ಪಾಲು ಮಾಡಿ, ಒಂದೊಂದು ಪಾಲಿಗೂ ಜ್ಯಾ, ಅಂದರೆ ನಮ್ಮ ಸೈನ್, ಎಷ್ಟೆಷ್ಟು ಏರುತ್ತೆ ಅನ್ನೋದನ್ನ ಒಂದೇ ಶ್ಲೋಕದಲ್ಲಿ ಅಡಕ ಮಾಡಿದ. ಮೊದಲ ನಾಲ್ಕು: 225, 224, 222, 219. ಕೂಡಿದರೆ 890. ಒಂದು ಪಾಲು 3.75 ಡಿಗ್ರಿ, ನಾಲ್ಕು ಸೇರಿದರೆ 15. ತ್ರಿಜ್ಯ 3438.

ಈಗ ಏಣಿಗೆ ಬನ್ನಿ. ಏಣಿ ನೆಲದ ಜೊತೆ ಸುಮಾರು 75 ಡಿಗ್ರಿ ಇರಬೇಕು ಅನ್ನೋದು ಸುರಕ್ಷತೆಯ ನಿಯಮ. ಅಂದರೆ ಗೋಡೆಯ ಜೊತೆ 15. ಏಣಿಯ ಉದ್ದವನ್ನು 890ರಿಂದ ಗುಣಿಸಿ 3438ರಿಂದ ಭಾಗಿಸಿ: ಹತ್ತಡಿ ಏಣಿಗೆ ಬುಡ 2.6 ಅಡಿ ದೂರ. ಉದ್ದ ಎಷ್ಟೇ ಇರಲಿ, ಅನುಪಾತ ಅದೇ. ಕೋನದಿಂದ ಆದ ಲಾಭ ಇದು.

ಅವತ್ತು ನಮ್ಮ ಏಣಿಯ ಬುಡ ಇದ್ದದ್ದು ಐದು ಅಡಿ ದೂರ. ಅಂದರೆ ಬರೀ 60 ಡಿಗ್ರಿ.

ಪುಣೆಗೆ ಹೊರಡೋ ಮುಂಚೆ ಟೈಲ್ಸ್ ಮೇಲೆ 2.6 ಅಡಿಗೆ ಬಣ್ಣದ ಗೆರೆ ಎಳೆದು ಬಂದೆ. ಗೆರೆ ಬುಡದ ಜಾಗ ಹೇಳುತ್ತೆ, ಏಣಿ ಹಿಡಿಯಲ್ಲ. ಮುಂದಿನ ದೀಪಾವಳಿಗೆ ಹಿಡಿಯೋದು ನಾನೇ, ಫೋನ್ ಒಳಗಿಟ್ಟು.