ದೇಹಮುಖ ಮನಶ್ಚಿಕಿತ್ಸೆ ನಡೆದುಬಂದ ದಾರಿ

ಮನೋವ್ಯಾಧಿಗೆ ಮಾತೇ ಮದ್ದೆಂಬ ನಂಬಿಕೆ ಪಶ್ಚಿಮದ ವೈದ್ಯರಲ್ಲಿ ಬೇರೂರುತ್ತಿದ್ದ ಕಾಲದಲ್ಲಿಯೇ, ಮಾತಿಗೆ ನಿಲುಕದೆ ಕೊರಳಿನ ಬಿಗಿತದಲ್ಲಿ, ಕಚ್ಚಿಹಿಡಿದ ದವಡೆಯಲ್ಲಿ, ಅರ್ಧಕ್ಕೇ ನಿಂತುಬಿಡುವ ಉಸಿರಿನಲ್ಲಿ ಉಳಿದುಕೊಳ್ಳುವ ವ್ಯಥೆಯೊಂದುಂಟೆಂಬುದನ್ನು ಕಂಡವರೂ ಇದ್ದರು. ಅವರ ಕಾಣ್ಕೆಯಿಂದ ಹುಟ್ಟಿ, ಒಂದು ಶತಮಾನದ ಅವಧಿಯಲ್ಲಿ ಹಲವು ದೇಶಗಳಲ್ಲಿ ಹಲವು ಹೆಸರುಗಳಿಂದ ಬೆಳೆದ ವಿದ್ಯೆಯೇ ದೇಹಮುಖ ಮನಶ್ಚಿಕಿತ್ಸೆ. ಇದರ ಕಥೆಯನ್ನು ಸಾಮಾನ್ಯವಾಗಿ ವಿಲ್ಹೆಲ್ಮ್ ರೈಖ್ ಎಂಬ ಪ್ರತಿಭಾಶಾಲಿಯ ಉತ್ಥಾನಪತನಗಳ ಕಥೆಯಾಗಿ ಹೇಳುವುದು ವಾಡಿಕೆ. ಆದರೆ ಆ ಕಥೆಯ ಅಂಚಿನಲ್ಲಿ ನಿಂತು ದುಡಿದ ಕೆಲವು ಮಹಿಳೆಯರ ಸಾಧನೆಯೇ ಈ ವಿದ್ಯೆಯಲ್ಲಿ ಹೆಚ್ಚು ಬಾಳಿಕೆ ಬರುವ ಭಾಗವೆಂದು ನನ್ನ ದೃಢವಾದ ಅಭಿಪ್ರಾಯ.

ಭಾವವೂ ಶರೀರವೂ ಬೇರೆಬೇರೆಯಲ್ಲವೆಂಬುದು ನಮ್ಮ ಕಾವ್ಯಮೀಮಾಂಸೆಗೆ ಹೊಸ ವಿಷಯವಲ್ಲ. ಸ್ತಂಭ, ಸ್ವೇದ, ರೋಮಾಂಚ, ವೇಪಥು, ಅಶ್ರು ಮೊದಲಾದ ಎಂಟು ಸಾತ್ತ್ವಿಕ ಭಾವಗಳನ್ನು ಭರತನ ನಾಟ್ಯಶಾಸ್ತ್ರವು ಎಣಿಸಿಯೇ ಇದೆ. ಯುರೋಪಿನ ವಿಜ್ಞಾನದಲ್ಲಿ ಈ ವಿಚಾರ ಶಾಸ್ತ್ರೀಯ ರೂಪ ತಳೆದದ್ದು ಡಾರ್ವಿನ್ನನು 1872ರಲ್ಲಿ ಮನುಷ್ಯರ ಮತ್ತು ಪ್ರಾಣಿಗಳ ಭಾವಾಭಿವ್ಯಕ್ತಿಯನ್ನು ಕುರಿತು ಗ್ರಂಥ ಬರೆದ ಮೇಲೆ. 1884ರಲ್ಲಿ ಅಮೆರಿಕದ ವಿಲಿಯಂ ಜೇಮ್ಸನು, ದೇಹದಲ್ಲಾಗುವ ಮಾರ್ಪಾಡಿನ ಅನುಭವವೇ ಭಾವವೆಂದು ವಾದಿಸಿದನು. ಮರುವರ್ಷವೇ ಡೆನ್ಮಾರ್ಕಿನ ಲಾಂಗೆ ಅದಕ್ಕೆ ಸಮೀಪದ ಮತವನ್ನು ಮುಂದಿಟ್ಟನು. 1895ರಲ್ಲಿ ವೈದ್ಯ ಬ್ರಾಯರನೊಡನೆ ಹಿಸ್ಟೀರಿಯಾ ಕುರಿತ ಅಧ್ಯಯನಗಳನ್ನು ಪ್ರಕಟಿಸಿದ ಫ್ರಾಯ್ಡನು, ಮರೆತ ಸ್ಮೃತಿಯನ್ನು ಮರಳಿಸಲೆಂದು ರೋಗಿಯ ಹಣೆಯನ್ನು ಕೈಯಿಂದ ಒತ್ತುತ್ತಿದ್ದುದುಂಟು. ತರುವಾಯ ಅವನು ಸ್ಪರ್ಶವನ್ನು ಕೈಬಿಟ್ಟನು. ರೋಗಿಯು ಮಂಚದ ಮೇಲೆ ಮಲಗಿ ಮಾತನಾಡುವುದೂ, ವೈದ್ಯನು ಮರೆಯಲ್ಲಿ ಕುಳಿತು ಆಲಿಸುವುದೂ ಮನೋವಿಶ್ಲೇಷಣೆಯ ಕ್ರಮವಾಯಿತು.

ಈ ಕ್ರಮದೊಳಗಿನಿಂದಲೇ ಎದ್ದು ಬಂದವನು ರೈಖ್. 1897ರಲ್ಲಿ ಆಸ್ಟ್ರಿಯಾ ಸಾಮ್ರಾಜ್ಯಕ್ಕೆ ಸೇರಿದ್ದ ಗಲೀಶಿಯಾ ಪ್ರಾಂತದಲ್ಲಿ ಜನಿಸಿ, ವಿಯೆನ್ನಾದಲ್ಲಿ ಫ್ರಾಯ್ಡನ ಶಿಷ್ಯವರ್ಗವನ್ನು ಸೇರಿದ ಈ ತರುಣ ವೈದ್ಯನು, ರೋಗಿ ಏನು ಹೇಳುತ್ತಾನೆಂಬುದಕ್ಕಿಂತ ಹೇಗೆ ಹೇಳುತ್ತಾನೆ, ಹೇಗೆ ಕೈಕುಲುಕುತ್ತಾನೆ, ಹೇಗೆ ಉಸಿರು ಬಿಗಿಹಿಡಿಯುತ್ತಾನೆಂಬುದರಲ್ಲಿಯೇ ಪ್ರತಿರೋಧದ ಮೂಲವನ್ನು ಅರಸತೊಡಗಿದನು. 1933ರಲ್ಲಿ ಬಂದ ಅವನ ಶೀಲವಿಶ್ಲೇಷಣೆಯ ಗ್ರಂಥ ಇಂದಿಗೂ ಓದತಕ್ಕದ್ದು. ಅದರ ಮರುವರ್ಷ ಲೂಸರ್ನ್ ಸಮ್ಮೇಳನದಲ್ಲಿ ಅವನನ್ನು ಅಂತರರಾಷ್ಟ್ರೀಯ ಮನೋವಿಶ್ಲೇಷಣ ಸಂಸ್ಥೆಯಿಂದ ಹೊರಹಾಕಲಾಯಿತು. ನಾರ್ವೆಯ ಓಸ್ಲೋ ನಗರದಲ್ಲಿ ಆಶ್ರಯ ಪಡೆದ ಬಳಿಕ ಅವನು ರೋಗಿಯ ದೇಹವನ್ನೇ ಮುಟ್ಟಿ ಚಿಕಿತ್ಸೆ ನಡೆಸಿದನು. ಅದುಮಿದ ಭಾವಗಳು ಸ್ನಾಯುಗಳಲ್ಲಿ ಕವಚವಾಗಿ ಗಟ್ಟಿಗೊಳ್ಳುವುವೆಂದೂ, ಆ ಕವಚ ಕಣ್ಣು, ಬಾಯಿ, ಕೊರಳು, ಎದೆ, ವಪೆ, ಹೊಟ್ಟೆ, ಕಟಿ ಎಂಬ ಏಳು ಪಟ್ಟಿಗಳಾಗಿ ದೇಹವನ್ನು ಸುತ್ತಿರುವುದೆಂದೂ ಅವನು ಕ್ರಮೇಣ ನಿರೂಪಿಸಿದನು. ಉಸಿರನ್ನು ಬಿಡಿಸಿ, ಬಿಗಿದ ಸ್ನಾಯುವನ್ನು ಒತ್ತಿ, ತಡೆದು ನಿಂತ ಅಳುವನ್ನೂ ಸಿಟ್ಟನ್ನೂ ಹೊರಹರಿಸುವುದು ಅವನ ವಿಧಾನವಾಗಿತ್ತು.

ಅವನ ಉತ್ತರಜೀವನ ದುಃಖಕರವಾದದ್ದು. 1939ರಲ್ಲಿ ಅಮೆರಿಕಕ್ಕೆ ಹೋಗಿ, ಆರ್ಗೋನ್ ಎಂಬ ವಿಶ್ವಶಕ್ತಿಯನ್ನು ಕಂಡುಹಿಡಿದೆನೆಂದು ನಂಬಿ, ಅದನ್ನು ಸಂಗ್ರಹಿಸುವ ಪೆಟ್ಟಿಗೆಗಳನ್ನು ನಿರ್ಮಿಸಿದನು. 1954ರಲ್ಲಿ ನ್ಯಾಯಾಲಯ ಅವುಗಳನ್ನು ನಿಷೇಧಿಸಿತು. ಆಜ್ಞೆಯನ್ನು ಮೀರಿದ ಆರೋಪದ ಮೇಲೆ ಶಿಕ್ಷೆಗೊಳಗಾಗಿ, 1957ರ ನವೆಂಬರಿನಲ್ಲಿ ಸೆರೆಮನೆಯಲ್ಲಿಯೇ ತೀರಿಕೊಂಡನು. ಆರ್ಗೋನಿಗೆ ವೈಜ್ಞಾನಿಕ ಆಧಾರವಿಲ್ಲವೆಂಬುದು ನಿಜ. ಆದರೆ 1956ರಲ್ಲಿ ಅವನ ಪುಸ್ತಕಗಳನ್ನು ಸರ್ಕಾರವೇ ಸುಡಿಸಿದ್ದು ಎಂದಿಗೂ ಸಮರ್ಥಿಸಲಾಗದ ಕೃತ್ಯ.

ಇನ್ನು ಬರ್ಲಿನ್ನಿನ ಎಲ್ಸಾ ಗಿಂಡ್ಲರಳ ಮಾತು. 1885ರಲ್ಲಿ ಹುಟ್ಟಿದ ಈಕೆ ವೈದ್ಯಳೂ ಅಲ್ಲ, ಸಿದ್ಧಾಂತಿಯೂ ಅಲ್ಲ, ವ್ಯಾಯಾಮದ ಶಿಕ್ಷಕಿ. ಆದರೆ ಆಕೆಯ ತರಗತಿಯಲ್ಲಿ ಅನುಕರಿಸಬೇಕಾದ ಭಂಗಿಯಾಗಲಿ, ಮಾಡಿ ಮುಗಿಸಬೇಕಾದ ಕಸರತ್ತಾಗಲಿ ಇರಲಿಲ್ಲ. ಕಣ್ಣುಮುಚ್ಚಿ ನೆಲದ ಮೇಲೆ ಮಲಗಿದಾಗ ದೇಹದ ಭಾರ ಎಲ್ಲೆಲ್ಲಿ ನೆಲಕ್ಕೆ ಒಪ್ಪಿಸಿಕೊಳ್ಳುತ್ತದೆ, ಕೈಯೆತ್ತುವಾಗ ಉಸಿರು ಯಾವ ಕ್ಷಣದಲ್ಲಿ ತಡೆಯುತ್ತದೆ, ಆ ತಡೆ ನಿಜಕ್ಕೂ ಅವಶ್ಯವೇ ಎಂಬುದನ್ನು ವಿದ್ಯಾರ್ಥಿಯು ತಾನೇ ಅರಸಿ ತಾನೇ ಅರಿಯಬೇಕಾಗಿತ್ತು. ಬಿಗಿತವನ್ನು ಮುರಿಯುವ ಆತುರ ಆಕೆಗಿರಲಿಲ್ಲ; ಅರಿವು ಸೋಕಿದ ಕಡೆ ಬಿಗಿತವು ತಾನಾಗಿ ಸಡಿಲುವುದೆಂಬ ವಿಶ್ವಾಸವಿತ್ತು. ಮನೋವಿಶ್ಲೇಷಕ ಫೆನಿಖೇಲನ ಪತ್ನಿ ಕ್ಲೇರ್ ಆಕೆಯ ಶಿಷ್ಯೆ. ನಾರ್ವೆಯಲ್ಲಿ ರೈಖನ ಸಂಗಾತಿಯಾಗಿದ್ದ ನರ್ತಕಿ ಎಲ್ಸಾ ಲಿಂಡೆನ್‌ಬರ್ಗಳೂ ಶಿಷ್ಯೆಯೇ. ರೈಖನ ಕೈಗಳು ದೇಹದ ಕಡೆಗೆ ತಿರುಗಿದ್ದರಲ್ಲಿ ಈ ಸಂಪರ್ಕದ ಪಾಲೂ ಇದ್ದಿರಬೇಕೆಂದು ನನಗೆ ತೋರುತ್ತದೆ. 1938ರಲ್ಲಿ ಅಮೆರಿಕಕ್ಕೆ ತೆರಳಿದ ಮತ್ತೊಬ್ಬ ಶಿಷ್ಯೆ ಶಾರ್ಲೊಟ್ ಸೆಲ್ವರಳಲ್ಲಿ ಎರಿಕ್ ಫ್ರಾಮ್, ಫ್ರಿಟ್ಸ್ ಪರ್ಲ್ಸರಂಥ ಮನಶ್ಚಿಕಿತ್ಸಕರು ಕಲಿತರು.

ಓಸ್ಲೋ ನಗರದಲ್ಲಿ ಇದೇ ಬಗೆಯ ಸಾಧನೆ ಇನ್ನೊಂದು ರೀತಿಯಿಂದ ಫಲಿಸಿತು. 1940ರ ದಶಕದಲ್ಲಿ ಆಡೆಲ್ ಬ್ಯೂಲೋ-ಹಾನ್ಸೆನ್ ಎಂಬ ಅಂಗಮರ್ದನ ಚಿಕಿತ್ಸಕಿಯೂ ಟ್ರಿಗ್ವೆ ಬ್ರಾಟೋಯ್ ಎಂಬ ಮನೋವೈದ್ಯನೂ ಕೂಡಿ ಕೆಲಸಮಾಡುತ್ತ, ಎಲ್ಲಿಯೋ ಒಂದು ಸ್ನಾಯುವನ್ನು ಸಡಿಲಿಸಿದರೆ ಉಸಿರಾಟವೇ ಬದಲಾಗುವುದನ್ನು ಗಮನಿಸಿ, ಆ ಉಸಿರನ್ನೇ ದಾರಿ ತೋರುವ ಗುರುವನ್ನಾಗಿ ಇರಿಸಿಕೊಂಡರು. ವಾಲಿದ ಗೋಡೆಗೆ ಕೊಟ್ಟ ಆಸರೆಗಂಬದಂತೆ ಬಿಗಿತವೂ ಕೆಲವೊಮ್ಮೆ ಮನುಷ್ಯನನ್ನು ನಿಲ್ಲಿಸಿರುತ್ತದೆ; ಆದ್ದರಿಂದ ರೋಗಿ ತಾಳಬಲ್ಲಷ್ಟೇ ಸಡಿಲಿಸಬೇಕೆಂಬ ಈ ಪರಂಪರೆಯ ವಿವೇಕವನ್ನು, ಮುಂದೆ ಬಂದ ಎಷ್ಟೋ ಉತ್ಸಾಹಿಗಳು ಮರೆತರು.

ಆ ಉತ್ಸಾಹದ ಯುಗವನ್ನು ಸಂಕ್ಷೇಪವಾಗಿ ಹೇಳಿದರೆ ಸಾಕು. ರೈಖನ ಬಳಿ ಚಿಕಿತ್ಸೆ ಪಡೆದು ಕಲಿತ ಅಲೆಕ್ಸಾಂಡರ್ ಲೋವೆನ್, ಜಾನ್ ಪಿಯರಾಕೋಸನೊಡನೆ 1956ರಲ್ಲಿ ನ್ಯೂಯಾರ್ಕಿನಲ್ಲಿ ಬಯೋಎನರ್ಜೆಟಿಕ್ಸ್ ಎಂಬ ಚಿಕಿತ್ಸಾಪದ್ಧತಿಯ ಸಂಸ್ಥೆಯನ್ನು ಕಟ್ಟಿ, ರೋಗಿಯನ್ನು ಮಲಗಿಸುವ ಬದಲು ಕಾಲೂರಿ ನಿಲ್ಲಿಸಿದನು. 1962ರಲ್ಲಿ ಕ್ಯಾಲಿಫೋರ್ನಿಯಾದ ಕಡಲತೀರದಲ್ಲಿ, ಇಂಥ ಚಿಕಿತ್ಸೆಗಳಿಗೆ ನೆಲೆಯಾದ ಎಸಲೆನ್ ಕೇಂದ್ರ ಪ್ರಾರಂಭವಾಯಿತು. 1970ರಲ್ಲಿ ಆರ್ಥರ್ ಜಾನೋವನು ಆದಿಮ ಚೀತ್ಕಾರವನ್ನೇ ಚಿಕಿತ್ಸೆಯೆಂದು ಸಾರಿದನು. ಅದೇ ದಶಕದಲ್ಲಿ ಪುಣೆಯ ರಜನೀಶ್ ಆಶ್ರಮಕ್ಕೂ ಈ ಬಗೆಯ ಪಾಶ್ಚಾತ್ಯ ಚಿಕಿತ್ಸಕರು ಬಂದು ಸೇರಿದರು. ದಿಂಬನ್ನು ಗುದ್ದಿ, ಕೂಗಿ, ಕಿರುಚಿ ಸಿಟ್ಟನ್ನು ಕಕ್ಕಿಬಿಟ್ಟರೆ ಮನಸ್ಸು ನಿರ್ಮಲವಾಗುವುದೆಂಬ ನಂಬಿಕೆ ಆಗ ಪ್ರಬಲವಾಗಿತ್ತು. ಆದರೆ 2002ರಲ್ಲಿ ಮನಃಶಾಸ್ತ್ರಜ್ಞ ಬ್ರಾಡ್ ಬುಶ್‌ಮನ್ ಪ್ರಕಟಿಸಿದ ಪ್ರಯೋಗದಲ್ಲಿ, ತಮ್ಮನ್ನು ಕೆಣಕಿದವನನ್ನು ನೆನೆಯುತ್ತ ಚೀಲವನ್ನು ಗುದ್ದಿದವರು, ಏನೂ ಮಾಡದೆ ಸುಮ್ಮನೆ ಕುಳಿತವರಿಗಿಂತ ಹೆಚ್ಚು ಕೆರಳಿದ್ದುದು ಕಂಡುಬಂದಿತು.

1990ರ ದಶಕದಿಂದ ಈ ವಿದ್ಯೆ ಆಘಾತಕ್ಕೊಳಗಾದವರ ಚಿಕಿತ್ಸೆಯ ಕಡೆಗೆ ಹೊರಳಿತು. 1997ರಲ್ಲಿ ಗ್ರಂಥ ಪ್ರಕಟಿಸಿದ ಪೀಟರ್ ಲೆವಿನ್, ಭೀತಿಯನ್ನು ಒಮ್ಮೆಲೇ ಕೆದಕದೆ, ತುಣುಕುತುಣುಕಾಗಿ ದೇಹದ ಸಂವೇದನೆಯ ಮೂಲಕ ಅದನ್ನು ಎದುರಿಸಬೇಕೆಂದನು. 2014ರಲ್ಲಿ ಮನೋವೈದ್ಯ ಬೆಸೆಲ್ ವ್ಯಾನ್ ಡರ್ ಕೋಲ್ಕನ ಪುಸ್ತಕ ಈ ವಿಚಾರವನ್ನು ಜನಸಾಮಾನ್ಯರಿಗೂ ತಲುಪಿಸಿತು. ಗಿಂಡ್ಲರಳ ತರಗತಿಯನ್ನು ಬಲ್ಲವರಿಗೆ ಲೆವಿನ್ನನ ಈ ನಿಧಾನ ಅಪರಿಚಿತವೆನಿಸದು. ಪ್ರಮಾಣಗಳು ಇನ್ನೂ ಮಿತವಾಗಿಯೇ ಇವೆ. ಲೆವಿನ್ನನ ವಿಧಾನವನ್ನು ಇಸ್ರೇಲಿನಲ್ಲಿ 63 ಮಂದಿಯ ಮೇಲೆ ಪರೀಕ್ಷಿಸಿ 2017ರಲ್ಲಿ ಪ್ರಕಟಿಸಿದ ಫಲಿತಾಂಶ ಆಶಾದಾಯಕವಾಗಿತ್ತು. ಆದರೆ ಸ್ಕಿಜೋಫ್ರೇನಿಯಾದಿಂದ ನಿರುತ್ಸಾಹಕ್ಕೊಳಗಾದ 275 ರೋಗಿಗಳನ್ನು ಕುರಿತು ಇಂಗ್ಲೆಂಡಿನಲ್ಲಿ ನಡೆದು 2016ರಲ್ಲಿ ಪ್ರಕಟವಾದ ಪರೀಕ್ಷೆಯಲ್ಲಿ, ಸಾಮೂಹಿಕ ದೇಹಚಿಕಿತ್ಸೆಯು ಪಿಲಾಟಿಸ್ ವ್ಯಾಯಾಮಕ್ಕಿಂತ ಹೆಚ್ಚಿನ ಗುಣವನ್ನೇನೂ ತೋರಲಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರ 2007ರ ಅಧ್ಯಯನದಲ್ಲಿ, ಅದೇ ರೋಗದವರಿಗೆ ಔಷಧಿಯೊಡನೆ ಕಲಿಸಿದ ಯೋಗವು ಸಾಮಾನ್ಯ ವ್ಯಾಯಾಮಕ್ಕಿಂತ ಮಿಗಿಲಾದ ಪ್ರಯೋಜನ ಕೊಟ್ಟಿತ್ತೆಂಬುದನ್ನು ಇದರ ಪಕ್ಕದಲ್ಲಿಟ್ಟು ವಿಚಾರಿಸತಕ್ಕದ್ದು.

ಸ್ಪರ್ಶದ ಪ್ರಶ್ನೆಯೊಂದು ಉಳಿಯುತ್ತದೆ. ನೊಂದವನ ದೇಹವನ್ನು ಮುಟ್ಟುವ ಅಧಿಕಾರವುಳ್ಳವನು ಅದನ್ನು ದುರುಪಯೋಗಪಡಿಸಿಕೊಳ್ಳುವ ಅಪಾಯ ಮಾತಿನ ಚಿಕಿತ್ಸೆಗಿಂತ ಇಲ್ಲಿ ಹೆಚ್ಚು. ಆಪ್ತರಿಂದಲೇ ಹಿಂಸೆಗೊಳಗಾದವರಿಗಂತೂ ಅಪರಿಚಿತರ ಕೈ ಸೋಕುವುದೇ ಮತ್ತೊಂದು ಆಘಾತವಾಗಬಹುದು. ಆದಕಾರಣ ಇಂದು ವಿವೇಕಿಗಳಾದ ಚಿಕಿತ್ಸಕರಲ್ಲಿ ಅನೇಕರು ಮುಟ್ಟದೆಯೇ ಕೆಲಸಮಾಡುತ್ತಾರೆ. ಮುಟ್ಟುವವರು ಪ್ರತಿಯೊಂದು ಸಲವೂ ಕಾರಣ ಹೇಳಿ, ಒಪ್ಪಿಗೆ ಕೇಳಿ, ಬೇಡವೆಂದ ಕ್ಷಣದಲ್ಲಿ ಕೈ ತೆಗೆಯಬೇಕು. ಇಂಥ ಚಿಕಿತ್ಸೆಯನ್ನು ಅರಸಿ ಹೋಗುವವರು ಚಿಕಿತ್ಸಕನ ವೈದ್ಯಕೀಯ ಅಥವಾ ಮನಃಶಾಸ್ತ್ರೀಯ ಶಿಕ್ಷಣವನ್ನೂ, ಅವನ ಮೇಲೆ ದೂರು ಕೊಡಬಲ್ಲ ಸಂಸ್ಥೆಯೊಂದಿದೆಯೇ ಎಂಬುದನ್ನೂ ಮೊದಲು ವಿಚಾರಿಸಿಕೊಳ್ಳಬೇಕು.